ಅತಿಥಿ ವಕೀಲರು ವಕಾಲತ್ತು ಹಾಕಿ ಬರಲಿ

ಮಾನ್ಯ ಸಂಪಾದಕರೇ,

ಧಾರಾವಾಹಿಗಳ ಕೋರ್ಟ್ ಸಂಚಿಕೆಗೆ ಸಿನಿಮಾ ತಾರೆಯನ್ನು ಅತಿಥಿ ವಕೀಲರಾಗಿ ಕರೆತರುವುದು ವಾಡಿಕೆಯಾಗಿದೆ. ದಿನಗಟ್ಟಲೆ ಮೊದಲೇ ಪ್ರೋಮೊ ಓಡುತ್ತದೆ. ಆ ಸಂಜೆ ಕೋರ್ಟಿನ ಬಾಗಿಲು ದಢಾರನೆ ತೆರೆದುಕೊಳ್ಳುತ್ತದೆ, ಗೌನು ಹಾರಿಸಿಕೊಂಡು ತಾರೆ ಒಳಗೆ ಬರುತ್ತಾರೆ, "ಈ ಕೇಸನ್ನು ಇನ್ನು ನಾನು ನಡೆಸುತ್ತೇನೆ" ಎನ್ನುತ್ತಾರೆ. ಅಲ್ಲಿಯವರೆಗೆ ವಾದಿಸುತ್ತಿದ್ದ ವಕೀಲರು ಮಾತಿಲ್ಲದೆ ಕೂರುತ್ತಾರೆ. ನ್ಯಾಯಾಧೀಶರು "ಪ್ರೊಸೀಡ್" ಎನ್ನುತ್ತಾರೆ. ವಿಚಾರಣಾ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ಕೇಸು ನಡೆಸುವ ನಾವು ಕೆಲವರು ಈ ಪತ್ರ ಬರೆಯುತ್ತಿರುವುದು ತಾರೆಯರ ಮೇಲಿನ ಮುನಿಸಿನಿಂದಲ್ಲ. ಅವರು ಬಂದ ದಿನ ಮನೆಮಂದಿಯೆಲ್ಲ ಕೂತು ನೋಡುತ್ತಾರೆ. ಅಂದು ತೋರಿಸಿದ್ದೇ ಜನರ ಮನಸ್ಸಿನಲ್ಲಿ ಕೋರ್ಟ್ ಎಂದು ನಿಲ್ಲುತ್ತದೆ. ಆದ್ದರಿಂದ ಬೇರೆ ಯಾವ ಸಂಚಿಕೆಗಿಂತ ಆ ಒಂದು ಸಂಚಿಕೆಯಲ್ಲಿ ಕಾನೂನು ಸರಿಯಾಗಿರಬೇಕು.

ಮೊದಲು ಬಾಗಿಲಿನ ವಿಷಯ. ಒಬ್ಬ ವಕೀಲರು ವಕಾಲತ್ತು, ಅಂದರೆ ಕಕ್ಷಿದಾರರು ಕೊಟ್ಟ ಅಧಿಕಾರಪತ್ರ, ಹಾಕಿರುವ ಕೇಸಿನಲ್ಲಿ ಇನ್ನೊಬ್ಬರು ಹಾಗೆಲ್ಲ ನಡುವೆ ಬಂದು ನಿಲ್ಲುವಂತಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ವೃತ್ತಿ ನಿಯಮಗಳಲ್ಲಿ 39ನೆಯ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮೊದಲಿನ ವಕೀಲರ ಒಪ್ಪಿಗೆ ಬೇಕು. ಒಪ್ಪಿಗೆ ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂದು ಕಾರಣ ಕೊಟ್ಟು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ಅನುಮತಿ ಬಂದ ಮೇಲೆಯೇ ಹಾಜರಾಗಬೇಕು. ಈ ನಿಯಮ ಕಥೆಗೆ ಅಡ್ಡಿ ಎಂದು ಬರಹಗಾರರು ತಿಳಿದಿದ್ದರೆ ಅದು ತಪ್ಪು ಲೆಕ್ಕ. ವರ್ಷಗಟ್ಟಲೆ ಒಂದು ಕೇಸನ್ನು ಹೊತ್ತ ವಕೀಲರು ಇನ್ನೊಬ್ಬರಿಗೆ "ನಿರಾಕ್ಷೇಪಣೆ" ಎಂದು ಬರೆದು ಸಹಿ ಹಾಕುವ ಗಳಿಗೆಗಿಂತ ದೊಡ್ಡ ದೃಶ್ಯ ಬೇಕೇ? ಕಕ್ಷಿದಾರರ ಎದುರಿಗೇ, ಕೋರ್ಟಿನ ವರಾಂಡದಲ್ಲಿ, ಕಂಬಕ್ಕೆ ಕಾಗದ ಒತ್ತಿ ಹಿಡಿದು ಹಾಕುವ ಸಹಿ ಅದು. ಒಂದೂವರೆ ನಿಮಿಷ ಸಾಕು, ಒಂದು ಪೆನ್ನು ಸಾಕು.

ಇದಕ್ಕಿಂತ ಸುಲಭದ ದಾರಿಯೂ ಇದೆ. ಅತಿಥಿಯನ್ನು ಹಿರಿಯ ವಕೀಲರನ್ನಾಗಿ, ಅಂದರೆ ಹೈಕೋರ್ಟಿನಿಂದ ಆ ಮನ್ನಣೆ ಪಡೆದ ಸೀನಿಯರ್ ಅಡ್ವೊಕೇಟ್ ಆಗಿ ತೋರಿಸಬಹುದು. ಅಂಥವರು ತಾವೇ ವಕಾಲತ್ತು ಹಾಕುವಂತಿಲ್ಲ, ಜೊತೆಗೆ ಇನ್ನೊಬ್ಬ ವಕೀಲರು ಇರಲೇಬೇಕು. ಆಗ ಧಾರಾವಾಹಿಯ ಕಾಯಂ ನಾಯಕಿಯೇ ಆ ಜೊತೆ ವಕೀಲೆ. ಅವಳು ಸಿದ್ಧಪಡಿಸಿದ ಟಿಪ್ಪಣಿ, ಅವಳು ಸರಿಯಾದ ಹೊತ್ತಿಗೆ ಮುಂದೆ ಸರಿಸುವ ದಾಖಲೆ, ಸೀನಿಯರ್ ಬಗ್ಗಿದಾಗ ಕಿವಿಯಲ್ಲಿ ಹೇಳುವ ಒಂದು ಪುಟ ಸಂಖ್ಯೆ. ತಾರೆ ಹೋದ ಮೇಲೂ ನಾಯಕಿಯ ಘನತೆ ಉಳಿಯುತ್ತದೆ. ಈಗಿನ ಪದ್ಧತಿಯಲ್ಲಿ ಮುನ್ನೂರು ಸಂಚಿಕೆ ದುಡಿದ ಪಾತ್ರ ಅತಿಥಿ ಬಂದ ದಿನವೇ ದಡ್ಡಿಯಾಗಿ ಕಾಣುತ್ತಾಳೆ, ಅದು ನಮಗೆ ನೋವಿನ ಸಂಗತಿ.

ಅತಿಥಿ ಸಂತ್ರಸ್ತರ ಪರ ಬಂದರಂತೂ ತಪ್ಪು ಇನ್ನೂ ದೊಡ್ಡದಾಗುತ್ತದೆ. ಸೆಷನ್ಸ್ ಕೇಸನ್ನು ನಡೆಸುವವರು ಸರ್ಕಾರಿ ಅಭಿಯೋಜಕರು, ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 338ನೆಯ ಕಲಮಿನ ಪ್ರಕಾರ ಸಂತ್ರಸ್ತರ ಖಾಸಗಿ ವಕೀಲರು ಅಭಿಯೋಜಕರ ನಿರ್ದೇಶನದಲ್ಲಿ ಕೆಲಸ ಮಾಡಬೇಕು. ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಲಯದ ಅನುಮತಿ ಪಡೆದು ಲಿಖಿತ ವಾದ ಕೊಡಬಹುದು. ಇಂಥ ವಕೀಲರು ತಾವೇ ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ, ಮೌಖಿಕ ವಾದ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ರೇಖಾ ಮುರಾರ್ಕಾ ಪ್ರಕರಣದಲ್ಲಿ ಹೇಳಿದೆ. ಅಬ್ಬರದ ಪಾಟೀ ಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಬೇಕೇ ಬೇಕೆಂದರೆ ಆ ಪಾತ್ರವನ್ನು ವಿಶೇಷ ಸರ್ಕಾರಿ ಅಭಿಯೋಜಕರನ್ನಾಗಿ ಸರ್ಕಾರ ನೇಮಿಸಿತೆಂದು ಬರೆಯಿರಿ. ಅದಕ್ಕೆ ಕನಿಷ್ಠ 10 ವರ್ಷ ವಕೀಲಿಕೆ ಮಾಡಿರಬೇಕು. ಮೊನ್ನೆ ಮೊನ್ನೆ ಸನ್ನದು ಪಡೆದ ಪಾತ್ರಕ್ಕೆ ಆ ನೇಮಕ ಒಪ್ಪುವುದಿಲ್ಲ.

ತಾರೆಯೊಬ್ಬರನ್ನು ಕೋರ್ಟಿನೊಳಕ್ಕೆ ಸರಿಯಾಗಿ ಕರೆತಂದದ್ದಕ್ಕೆ ಟೆಲಿವಿಷನ್ನಿನಲ್ಲೇ ಒಂದು ಹಳೆಯ ಮಾದರಿ ಇದೆ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1957ರಿಂದ 1966ರವರೆಗೆ ನಡೆದ 'ಪೆರಿ ಮೇಸನ್' ಸರಣಿಯಲ್ಲಿ ವಕೀಲ ಮೇಸನ್ ಪಾತ್ರದ ನಾಯಕ ನಟ ರೇಮಂಡ್ ಬರ್ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದಾಗ ಸರಣಿ ನಿಲ್ಲಲಿಲ್ಲ. 1963ರ ಜನವರಿ 31ರ ಸಂಚಿಕೆಗೆ ಬೆಟ್ ಡೇವಿಸ್ ಬಂದರು. ಎರಡು ಆಸ್ಕರ್ ಗೆದ್ದ, ಆಗಷ್ಟೇ ಹೊಸ ಚಿತ್ರವೊಂದರಿಂದ ಮತ್ತೆ ಹೆಸರಾಗಿದ್ದ ನಟಿ. ಅವರಿಗೆ ಕೊಟ್ಟ ಪಾತ್ರ ಕಾನ್‌ಸ್ಟಂಟ್ ಡಾಯ್ಲ್: ತೀರಿಕೊಂಡ ವಕೀಲನ ಹೆಂಡತಿ, ಗಂಡನ ಜೊತೆಗೇ ವಕೀಲಿಕೆ ಮಾಡಿದವಳು, ಈಗ ಕೊಲೆ ಆರೋಪ ಹೊತ್ತ ಹುಡುಗನ ಪರ ನಿಲ್ಲಬೇಕಾದವಳು. ಮೇಸನ್ ಪಾತ್ರ ಆಸ್ಪತ್ರೆಯ ಹಾಸಿಗೆಯಿಂದ ಫೋನಿನಲ್ಲಿ ಮಾತ್ರ ಸಿಗುತ್ತದೆ. ಆ ವಕೀಲೆ ಯಾಕೆ ಬಂದಳು, ಯಾರ ಪರ ಬಂದಳು ಎಂಬುದಕ್ಕೆಲ್ಲ ಕಥೆಯೊಳಗೇ ಉತ್ತರವಿದೆ. ಮುಂದಿನ ವಾರಗಳಲ್ಲಿ ಮೈಕೇಲ್ ರೆನ್ನಿ, ಹ್ಯೂ ಓಬ್ರಿಯನ್, ವಾಲ್ಟರ್ ಪಿಜನ್ ಕೂಡ ಹೀಗೆಯೇ ಆ ಜಾಗ ತುಂಬಿದರು.

ಆ ಸರಣಿಯ ಹಿಂದೆ ಪಾತ್ರದ ಸೃಷ್ಟಿಕರ್ತ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ ಇದ್ದರು. ಕ್ಯಾಲಿಫೋರ್ನಿಯಾದಲ್ಲಿ ವಕೀಲಿಕೆ ಮಾಡಿ ಬರಹಕ್ಕೆ ಬಂದವರು, ಚಿತ್ರಕಥೆಗಳನ್ನು ತಾವೇ ಓದಿ ಕಾನೂನಿನ ತಪ್ಪು ಹುಡುಕುತ್ತಿದ್ದರು. 1966ರ ಕೊನೆಯ ಸಂಚಿಕೆಯಲ್ಲಿ ನ್ಯಾಯಾಧೀಶರ ಕುರ್ಚಿಯಲ್ಲಿ ಅತಿಥಿಯಾಗಿ ಕುಳಿತದ್ದೂ ಅವರೇ. ಅವರ ಕೋರ್ಟ್ ದೃಶ್ಯಗಳಲ್ಲಿ ಹೆಚ್ಚಿನವು ಪೂರ್ಣ ವಿಚಾರಣೆಯಲ್ಲ, ಕೇಸನ್ನು ಪೂರ್ಣ ವಿಚಾರಣೆಗೆ ಕಳಿಸಬೇಕೇ ಎಂದು ನೋಡುವ ಪ್ರಾಥಮಿಕ ವಿಚಾರಣೆ. ಅಲ್ಲಿ ಜ್ಯೂರಿ ಇರುವುದಿಲ್ಲ. 12 ಮಂದಿ ಜ್ಯೂರಿ ಕಲಾವಿದರ ಖರ್ಚು ಉಳಿಯಿತು, ಕಾನೂನಿಗೂ ಭಂಗ ಬರಲಿಲ್ಲ. ಬಜೆಟ್ಟಿನ ಕಷ್ಟಕ್ಕೆ ಕಾನೂನಿನ ಒಳಗೇ ದಾರಿ ಹುಡುಕಿದ ಈ ಜಾಣ್ಮೆ ನಮ್ಮವರಿಗೂ ಬರಬೇಕು. ನಮ್ಮಲ್ಲೂ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ಕೋರ್ಟನ್ನು, ಅವರೇ ಅಭಿನಯಿಸಿದ ವಕೀಲ ಸಿ.ಎಸ್.ಪಿ.ಯನ್ನು ಜನ ಇಂದಿಗೂ ನೆನೆಯುತ್ತಾರೆ. ದನಿ ಏರಿಸದೆ ಪ್ರಶ್ನೆಯ ಮೇಲೆ ಪ್ರಶ್ನೆ ಪೋಣಿಸಿದರೂ ಪ್ರೇಕ್ಷಕರು ಕದಲದೆ ನೋಡುತ್ತಾರೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಈಗ ಪಾಟೀ ಸವಾಲಿಗೆ ಬರೋಣ. ತಾರೆಯನ್ನು ಕರೆಸುವುದೇ ಇದಕ್ಕಾಗಿ. ತೆರೆಯ ಮೇಲೆ ಪದೇಪದೇ ಕಾಣುವ ದೃಶ್ಯ ಇದು: ಪಕ್ಕದ ಮನೆಯಾಕೆ ಕಟಕಟೆಯಲ್ಲಿ ನಿಂತು "ಆರೋಪಿ ಓಡಿಹೋಗುವುದನ್ನು ಬೀದಿದೀಪದ ಬೆಳಕಿನಲ್ಲಿ ನೋಡಿದೆ" ಎನ್ನುತ್ತಾರೆ. ಅತಿಥಿ ವಕೀಲರು ಒಂದು ಹಾಳೆಯನ್ನು ಅವರ ಮುಖದ ಮುಂದೆ ಹಿಡಿದು, "ಪೊಲೀಸರಿಗೆ ನೀವು ಹೇಳಿದ್ದು ಬರೀ ಸದ್ದು ಕೇಳಿತು ಅಂತ. ಇದು ನಿಮ್ಮದೇ ಸಹಿ ತಾನೇ?" ಎಂದು ಗುಡುಗುತ್ತಾರೆ. ಸಾಕ್ಷಿ ತಲೆ ತಗ್ಗಿಸುತ್ತಾರೆ. ಕೇಸು ಮುಗಿಯಿತು.

ಪೊಲೀಸರು ತನಿಖೆಯ ವೇಳೆ ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದೇ ಇಲ್ಲ. ಸಹಿ ಹಾಕಿಸಬಾರದು ಎಂದೇ ಕಾನೂನು ಇದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 162, ಈಗ ನಾಗರಿಕ ಸುರಕ್ಷಾ ಸಂಹಿತೆಯ 181. ಹಾಗಾದರೆ ಆ ಸುಳ್ಳನ್ನು ಹಿಡಿಯುವುದು ಹೇಗೆ? ವಕೀಲರು ಮೊದಲು ಸಾಕ್ಷಿ ಈಗ ಹೇಳಿದ್ದನ್ನೇ ಗಟ್ಟಿ ಮಾಡಿಕೊಳ್ಳುತ್ತಾರೆ. "ನೋಡಿದ್ದು ನಿಜವೇ? ಬೆಳಕು ಚೆನ್ನಾಗಿತ್ತೇ? ಮುಖ ಕಂಡಿತೇ?" ಸಾಕ್ಷಿ ಹೌದೆನ್ನುತ್ತಾ ಹೋಗುತ್ತಾರೆ, ಹಿಂದೆ ಸರಿಯುವ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ. ಆಮೇಲೆ, "ಪೊಲೀಸರ ಮುಂದೆಯೂ ಹೀಗೇ ಹೇಳಿದ್ದೀರಾ?" ಹೌದು. ಆಗ ಹೇಳಿಕೆಯ ಆ ಒಂದು ಸಾಲನ್ನು ಮಾತ್ರ ಓದಿ ಹೇಳಬೇಕು: "ರಾತ್ರಿ ಹತ್ತರ ಸುಮಾರಿಗೆ ಯಾರೋ ಓಡಿಹೋದ ಸದ್ದು ಕೇಳಿತು, ಯಾರೆಂದು ಕಾಣಲಿಲ್ಲ." ಹಾಗೆ ಹೇಳಿಲ್ಲ ಎಂದು ಸಾಕ್ಷಿ ನಿರಾಕರಿಸುತ್ತಾರೆ. ಆ ಸಾಲಿನ ಸುತ್ತ ಗುರುತು ಹಾಕಿ ನಿ.ಡಿ. 1, ಅಂದರೆ ಆರೋಪಿ ಪರದ ಮೊದಲ ದಾಖಲೆ, ಎಂದು ನಿಶಾನೆ ಕೊಡುತ್ತಾರೆ. ಭಾರತೀಯ ಸಾಕ್ಷ್ಯ ಅಧಿನಿಯಮದ 148ನೆಯ ಕಲಮು ಬೇಡುವುದು ಇದನ್ನೇ. ಯಾವ ಭಾಗದಿಂದ ಸಾಕ್ಷಿಯನ್ನು ಸುಳ್ಳಾಗಿಸಬೇಕೋ ಆ ಭಾಗವನ್ನು ಮೊದಲು ಅವರ ಗಮನಕ್ಕೆ ತರಬೇಕು.

ಇಷ್ಟಾದರೂ ಏನೂ ಸಾಬೀತಾಗಿಲ್ಲ. ತನಿಖಾಧಿಕಾರಿ ಕಟಕಟೆಗೆ ಬಂದಾಗ "ಈ ಸಾಕ್ಷಿ ನಿಮ್ಮ ಮುಂದೆ ನಿ.ಡಿ. 1ರಂತೆ ಹೇಳಿಕೆ ಕೊಟ್ಟಿದ್ದಾರೆಯೇ?" ಎಂದು ಕೇಳಬೇಕು. ಅವರು "ಕೊಟ್ಟಿದ್ದಾರೆ" ಎಂದಾಗಲೇ ಗಂಟು ಬೀಳುವುದು. ಈ ಕೊನೆಯ ಪ್ರಶ್ನೆಯನ್ನು ಮರೆತರೆ ಹಿಂದಿನ ಅಷ್ಟೂ ಪಾಟೀ ಸವಾಲು ವ್ಯರ್ಥ, ವಾದದ ದಿನ ಆ ಸಾಲನ್ನು ಎತ್ತಲು ಬರುವುದಿಲ್ಲ. ನಿಜವಾದ ಕೋರ್ಟುಗಳಲ್ಲೂ ಕೇಸು ಕೈತಪ್ಪುವುದು ಇಂಥ ಕಡೆಯಲ್ಲೇ. ಧಾರಾವಾಹಿಗೆ ಇದು ಸಿದ್ಧ ಕಥೆ. ಎದುರು ಪಕ್ಷ ತನಿಖಾಧಿಕಾರಿ ಬಾರದಂತೆ ನೋಡಿಕೊಳ್ಳಬಹುದು, ಅತಿಥಿ ವಕೀಲರು ಕಾಯಬಹುದು, ವಾಯಿದೆಯ ಮೇಲೆ ವಾಯಿದೆ ಬೀಳಬಹುದು. ತಾರೆ ಎರಡೇ ದಿನ ಡೇಟು ಕೊಟ್ಟಿದ್ದರೆ ಎರಡೂ ಸಾಕ್ಷಿಗಳ ದೃಶ್ಯವನ್ನು ಒಟ್ಟಿಗೆ ಚಿತ್ರೀಕರಿಸಿಕೊಂಡು ಎರಡು ವಾರಗಳಿಗೆ ಹಂಚಿದರಾಯಿತು. ಆಗ ಕೋಟು, ಬ್ಯಾಂಡು, ಕೂದಲು, ಮೇಜಿನ ಮೇಲಿನ ಕಡತದ ದಪ್ಪ ಬೇರೆ ಬೇರೆ ಇರುವಂತೆ ಕಾಸ್ಟ್ಯೂಮಿನವರು ನೋಡಿಕೊಳ್ಳಬೇಕು. ಎರಡು ವಾರದ ಅಂತರದಲ್ಲಿ ಕಡತ ದಪ್ಪವಾಗುತ್ತದೆಯೇ ಹೊರತು ತೆಳುವಾಗುವುದಿಲ್ಲ.

ಸಾಕ್ಷ್ಯ ಬರೆದುಕೊಳ್ಳುವ ಕ್ರಮವನ್ನು ಯಾವ ಧಾರಾವಾಹಿಯೂ ತೋರಿಸುವುದಿಲ್ಲ, ಅದು ನಮಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಹೇಳಿ ಬರೆಸುತ್ತಾರೆ, ಕೆಳಗೆ ಕುಳಿತ ಬೆರಳಚ್ಚುಗಾರರು ಟೈಪ್ ಮಾಡುತ್ತಾರೆ. ವಕೀಲರ ಸೂಚನೆ ಮತ್ತು ಸಾಕ್ಷಿಯ ಉತ್ತರ ಸೇರಿ ಒಂದೇ ವಾಕ್ಯವಾಗುತ್ತದೆ: "ಆ ರಾತ್ರಿ ನಾನು ಮನೆಯಲ್ಲೇ ಇರಲಿಲ್ಲ ಎಂದರೆ ಸರಿಯಲ್ಲ." "ಆರೋಪಿಗೂ ನನ್ನ ಗಂಡನಿಗೂ ಜಾಗದ ತಕರಾರು ಇತ್ತು ಎಂದರೆ ಸರಿ." ಈ "ಎಂದರೆ ಸರಿ", "ಎಂದರೆ ಸರಿಯಲ್ಲ" ನಮ್ಮ ತಾಲ್ಲೂಕು ಕೋರ್ಟುಗಳ ಕನ್ನಡ. ಜಗಳವಾಡಿದ ಇಬ್ಬರ ಮಾತು ಮೂರನೆಯವರ ಬಾಯಲ್ಲಿ ತಣ್ಣಗಾಗಿ ಕಾಗದಕ್ಕೆ ಇಳಿಯುವ ರೀತಿ ಅದು. ಕೊನೆಗೆ ಎಲ್ಲವನ್ನೂ ಓದಿ ಹೇಳುತ್ತಾರೆ, ಸಾಕ್ಷಿ ಕೇಳಿ ಸರಿ ಇದೆ ಎಂದ ಮೇಲೆ ಸಹಿ. ಸಾಕ್ಷಿ ಗಳಗಳ ಅತ್ತರೂ ಬೆರಳಚ್ಚಿನ ಸದ್ದು ನಿಲ್ಲುವುದಿಲ್ಲ. ಹಿನ್ನೆಲೆ ಸಂಗೀತವನ್ನು ಅರ್ಧ ನಿಮಿಷ ನಿಲ್ಲಿಸಿ ಆ ಕೀಲಿಮಣೆಯ ಸದ್ದನ್ನು ಮಾತ್ರ ಕೇಳಿಸಿದರೆ ಕೋರ್ಟ್ ಅಂದರೇನೆಂದು ಮನೆಯಲ್ಲಿ ಕೂತವರಿಗೂ ತಿಳಿಯುತ್ತದೆ.

ಮುಂದಿನ ತಪ್ಪು ಪೆನ್ ಡ್ರೈವ್. ಅತಿಥಿ ಜೇಬಿನಿಂದ ಅದನ್ನು ತೆಗೆದು ಮೇಲೆತ್ತುತ್ತಾರೆ, ಗೋಡೆಯ ಪರದೆಯ ಮೇಲೆ ಸಿಸಿಟಿವಿ ದೃಶ್ಯ ಓಡುತ್ತದೆ, ಖಳನಾಯಕ ಬೆವರುತ್ತಾನೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಇಲ್ಲದೆ ಅಂಥ ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಆ ಪ್ರಮಾಣಪತ್ರಕ್ಕೆ ಎರಡು ಭಾಗ. ಎ ಭಾಗವನ್ನು ಹಾಜರುಪಡಿಸುವವರು ತುಂಬಬೇಕು, ಬಿ ಭಾಗವನ್ನು ತಜ್ಞರು. ಆ ಡಿಜಿಟಲ್ ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಅದರ ದತ್ತಾಂಶದಿಂದ ಲೆಕ್ಕ ಹಾಕಿದ ಗುರುತಿನ ಅಂಕಿಯನ್ನೂ, ಅದರಲ್ಲಿ ಬರೆಯಬೇಕು. ಕಡತದಲ್ಲಿ ಎಲ್ಲೋ ಸ್ವಲ್ಪ ತಿದ್ದಿದರೂ ಆ ಅಂಕಿ ಬೇರೆಯಾಗುತ್ತದೆ. ವಿಡಿಯೋ ತಿದ್ದಲಾಗಿದೆ ಎಂದು ತೋರಿಸುವ ಕಥೆಗೆ ಇದಕ್ಕಿಂತ ಒಳ್ಳೆಯ ಸಾಧನ ಸಿಗದು. ಎರಡು ಹಾಳೆಯ ಮೇಲಿನ ಎರಡು ಉದ್ದ ಅಂಕಿಗಳು, ತಾರೆಯ ಬೆರಳು ಒಂದೊಂದೇ ಅಕ್ಷರದ ಮೇಲೆ ಸರಿಯುತ್ತಾ ಬಂದು ಒಂದು ಕಡೆ ನಿಲ್ಲುವುದು. ಆ ಕ್ಲೋಸಪ್‌ಗೆ ಒಂದು ಸಂಭಾಷಣೆಯೂ ಬೇಡ.

ಇನ್ನು ತಪ್ಪೊಪ್ಪಿಗೆ. ಆರೋಪಿಯನ್ನು ಕಟಕಟೆಗೆ ಕರೆದು ಅತಿಥಿ ವಕೀಲರು ಪ್ರಶ್ನೆಗಳ ಮಳೆ ಸುರಿಸುವುದನ್ನು ಎಷ್ಟು ಸಲ ನೋಡಿಲ್ಲ? ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಒತ್ತಾಯಿಸುವಂತಿಲ್ಲ, ಅದು ಸಂವಿಧಾನದ 20(3)ನೇ ವಿಧಿ. ತಾನಾಗಿಯೇ ಲಿಖಿತವಾಗಿ ಕೇಳಿಕೊಂಡರೆ ಮಾತ್ರ ಆರೋಪಿ ಸಾಕ್ಷಿಯಾಗಿ ನಿಲ್ಲಬಹುದು. ಇನ್ನೊಂದು ಸಿದ್ಧ ದೃಶ್ಯದಲ್ಲಿ ಬೇರೊಬ್ಬ ಸಾಕ್ಷಿ "ಹೌದು, ನಾನೇ ಕೊಂದೆ" ಎಂದು ಕಿರುಚುತ್ತಾನೆ, ಮುಂದಿನ ಶಾಟಿನಲ್ಲಿ ಬೇಡಿ. ಕಾನೂನಿನ ದಾರಿ ಬೇರೆ. ಸಾಕ್ಷ್ಯದಿಂದ ಇನ್ನೊಬ್ಬರ ಪಾತ್ರ ಕಂಡುಬಂದರೆ ನಾಗರಿಕ ಸುರಕ್ಷಾ ಸಂಹಿತೆಯ 358ನೆಯ ಕಲಮಿನಡಿ ನ್ಯಾಯಾಲಯ ಅವರನ್ನು ಆರೋಪಿಯಾಗಿ ಸೇರಿಸಬಹುದು. ಆದರೆ ಅವರ ಮಟ್ಟಿಗೆ ವಿಚಾರಣೆ ಮೊದಲಿನಿಂದ ಶುರುವಾಗಬೇಕು, ಸಾಕ್ಷಿಗಳನ್ನು ಮತ್ತೆ ಕೇಳಬೇಕು. ಅದೂ ಅಲ್ಲದೆ, ನ್ಯಾಯಾಲಯ ಒತ್ತಾಯಿಸಿ ಪಡೆದ ಉತ್ತರವನ್ನು ಸುಳ್ಳು ಸಾಕ್ಷ್ಯದ ಮೊಕದ್ದಮೆಯ ಹೊರತು ಬೇರೆಡೆ ಆ ಸಾಕ್ಷಿಯ ವಿರುದ್ಧ ಬಳಸುವಂತಿಲ್ಲ. ಹಾಗಾಗಿ ಆ ಕಿರುಚಾಟದಲ್ಲಿ ಕಥೆ ಮುಗಿಯುವುದಿಲ್ಲ, ಅಲ್ಲಿಂದ ಅದರ ಎರಡನೆಯ ಅಧ್ಯಾಯ ಶುರು.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವುದು ಮಕ್ಕಳ ಮೇಲಿನ ದೌರ್ಜನ್ಯದ ಕೇಸುಗಳನ್ನು ತೋರಿಸುವ ಬಗೆ. ಪುಟ್ಟ ಹುಡುಗಿಯನ್ನು ಕಟಕಟೆಯಲ್ಲಿ ನಿಲ್ಲಿಸಿ, ಎದುರಿಗೇ ಆರೋಪಿ, ಕೋಣೆಯ ತುಂಬ ಜನ. ತಾರೆ ಮಂಡಿಯೂರಿ ಕೂತು "ಹೇಳು ಪುಟ್ಟಾ, ಯಾರು?" ಎನ್ನುತ್ತಾರೆ, ಮಗು ಬೆರಳು ತೋರಿಸುತ್ತದೆ. ನೋಡುವವರ ಕಣ್ಣು ತುಂಬುತ್ತದೆ ನಿಜ. ಆದರೆ ಪೋಕ್ಸೊ ಕಾಯ್ದೆಯ 33ನೇ ಕಲಮಿನಂತೆ ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕೊಡಬೇಕು, ನ್ಯಾಯಾಧೀಶರು ಮಗುವನ್ನು ಕೇಳುತ್ತಾರೆ. 36ನೇ ಕಲಮಿನಂತೆ ಸಾಕ್ಷ್ಯ ನುಡಿಯುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು, ಪರದೆಯೋ ವಿಡಿಯೋ ಸಂಪರ್ಕವೋ ಇರಬೇಕು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ. ಇಂಥ ಧಾರಾವಾಹಿ ನೋಡಿದ ಹೆತ್ತವರು "ನನ್ನ ಮಗುವನ್ನೂ ಹೀಗೆ ನಿಲ್ಲಿಸುತ್ತಾರೆ" ಎಂದು ಹೆದರಿ ದೂರು ಕೊಡದೆ ಉಳಿದರೆ ಆ ನಷ್ಟವನ್ನು ತುಂಬುವವರು ಯಾರು? ಇದೊಂದನ್ನಾದರೂ ಸರಿಪಡಿಸಿ ಎಂದು ವಾಹಿನಿಗಳನ್ನು ಕೈಮುಗಿದು ಕೇಳುತ್ತೇವೆ. ಪರದೆಯ ಒಂದು ಬದಿಗೆ ಮಗು, ಇನ್ನೊಂದು ಬದಿಗೆ ಆರೋಪಿ, ನಡುವೆ ಮೆಲುದನಿಯಲ್ಲಿ ಕೇಳುವ ನ್ಯಾಯಾಧೀಶರು. ಅತಿಥಿ ತಾರೆಗೆ ಆ ದಿನ ಸಿಗಬೇಕಾದ ಪಾತ್ರ ನ್ಯಾಯಾಧೀಶರದ್ದೇ.

ಸಣ್ಣಪುಟ್ಟವನ್ನು ಬೇಗ ಹೇಳಿ ಮುಗಿಸುತ್ತೇವೆ. ನಮ್ಮ ನ್ಯಾಯಾಧೀಶರ ಮೇಜಿನ ಮೇಲೆ ಮರದ ಸುತ್ತಿಗೆ ಇರುವುದಿಲ್ಲ. ಸಾಕ್ಷಿಯ ಕೈಗೆ ಗ್ರಂಥ ಕೊಡುವುದಿಲ್ಲ. 1969ರ ಪ್ರಮಾಣ ಕಾಯ್ದೆಯಂತೆ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯವನ್ನೇ ಹೇಳುತ್ತೇನೆಂದು ದೃಢೀಕರಿಸಬಹುದು. "ಮೈ ಲಾರ್ಡ್" ಬೇಕಿಲ್ಲ. 2006ರಲ್ಲೇ ಬಾರ್ ಕೌನ್ಸಿಲ್ ಅಧೀನ ನ್ಯಾಯಾಲಯಗಳಲ್ಲಿ "ಸರ್" ಅಥವಾ ಆಯಾ ಭಾಷೆಯ ಸಮಾನ ಪದ ಸಾಕೆಂದಿದೆ, ನಮ್ಮ "ಸ್ವಾಮಿ" ಇದೆಯಲ್ಲ. ಪಾಟೀ ಸವಾಲಿನಲ್ಲಿ ಉತ್ತರ ಸೂಚಿಸುವ ಪ್ರಶ್ನೆ ಕೇಳಬಹುದು, ಅದಕ್ಕೆ "ಅಬ್ಜೆಕ್ಷನ್" ಕೂಗುವುದು ತಪ್ಪು. ಮುಖ್ಯ ವಿಚಾರಣೆಯಲ್ಲಿ ತನ್ನದೇ ಸಾಕ್ಷಿಗೆ "ನೀವು ನೋಡಿದ್ದು ಇವನನ್ನೇ ಅಲ್ಲವೇ" ಎಂದರೆ ಆಗ ಕೂಗಬೇಕು. ಕಥೆಯ ಕೊಲೆ 2024ರ ಜುಲೈ 1ಕ್ಕೆ ಮೊದಲು ನಡೆದಿದ್ದರೆ ಐಪಿಸಿ 302, ಅಂದು ಅಥವಾ ಆಮೇಲೆ ನಡೆದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 103. ವಾದ ಮುಗಿದ ಮರುಕ್ಷಣ ತೀರ್ಪು ಬರುವುದಿಲ್ಲ. 30 ದಿನದೊಳಗೆ, ಕಾರಣ ಬರೆದು 45 ದಿನದವರೆಗೆ ಸಮಯವಿದೆ. ಅಪರಾಧಿ ಎಂದಾದರೆ ಶಿಕ್ಷೆಯ ಬಗ್ಗೆ ಬೇರೆಯಾಗಿ ಕೇಳಬೇಕು. "ಏನಾದರೂ ಹೇಳುವುದಿದೆಯೇ?" ಎಂದು ನ್ಯಾಯಾಧೀಶರು ಕೇಳಿದಾಗ ಕೋಣೆಯಲ್ಲಿ ಬೀಳುವ ಮೌನವನ್ನು ಯಾವ ಸೆಟ್ಟಿನಲ್ಲೂ ಇದುವರೆಗೆ ಹಿಡಿದಿಲ್ಲ.

ಇಷ್ಟೆಲ್ಲ ಮಾಡಲು ಹೆಚ್ಚು ಖರ್ಚಿಲ್ಲ. ತಾರೆಯ ಕೈಗೆ ಸಂಭಾಷಣೆಯ ಜೊತೆ ಒಂದು ಪುಟ ಕೊಡಿ: ಯಾವ ನ್ಯಾಯಾಲಯ, ಯಾರ ಪರ, ಕೇಸು ಯಾವ ಹಂತದಲ್ಲಿದೆ, ಎದುರಿಗೆ ನಿಂತ ಸಾಕ್ಷಿ ಎಷ್ಟನೆಯವರು, ಹಿಂದೆ ಏನು ಹೇಳಿದ್ದಾರೆ. ಚಿತ್ರೀಕರಣದ ದಿನ ಒಬ್ಬ ವಿಚಾರಣಾ ವಕೀಲರು ಮಾನಿಟರ್ ಪಕ್ಕ ಕೂರಲಿ. ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತದೆ, ಆದರೆ ಅಲ್ಲಿ ಸಾಕ್ಷಿಗಳ ವಿಚಾರಣೆ ಕಾಣಸಿಗುವುದು ಅಪರೂಪ. ಅದಕ್ಕೆ ಜಿಲ್ಲಾ ನ್ಯಾಯಾಲಯಕ್ಕೇ ಬರಬೇಕು. ಮುಚ್ಚಿದ ಬಾಗಿಲಿನ ಕೇಸುಗಳನ್ನು ಬಿಟ್ಟರೆ ತೆರೆದ ನ್ಯಾಯಾಲಯದಲ್ಲಿ ಕೂತು ಕೇಳಲು ಯಾರೂ ಬರಬಹುದು. ಬರಹಗಾರರೂ ಅತಿಥಿ ನಟರೂ ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಬಂದು, ಫೋನು ಆಫ್ ಮಾಡಿ, ಹಿಂದಿನ ಬೆಂಚಿನಲ್ಲಿ ಕೂರಲಿ. ಮೊದಲ ಸಾಕ್ಷಿಯ ಹೆಸರನ್ನು ವರಾಂಡದಲ್ಲಿ ಮೂರು ಸಲ ಕೂಗುತ್ತಾರೆ, ಅಲ್ಲಿಂದ ಬರೆದುಕೊಳ್ಳಲು ಶುರು ಮಾಡಲಿ.

ಇಂತಿ,
ಧಾರಾವಾಹಿ ತಪ್ಪದೆ ನೋಡುವ ಕೆಲವು ವಿಚಾರಣಾ ವಕೀಲರು